ಉಪ್ಪು ಹತ್ತದ ಚುನಾವಣೆ

ನಮ್ಮೂರಿನಲ್ಲಿ ಸುಳ್ಳು ಹೇಳಿದವರ ನಾಲಿಗೆಗೆ ಉಪ್ಪು ಹತ್ತುವುದಿಲ್ಲ. ಹುಳಿ, ಖಾರ, ಸಿಹಿ ಎಲ್ಲ ಗೊತ್ತಾಗುತ್ತವೆ, ಉಪ್ಪೊಂದೇ ಗೊತ್ತಾಗುವುದಿಲ್ಲ. ಸಣ್ಣ ಸುಳ್ಳಾದರೆ ಮೂರು ದಿನ. ದೊಡ್ಡದಾದರೆ, ಅದನ್ನು ಯಾರಿಗೆ ಹೇಳಿದ್ದೆವೋ ಅವರ ಮುಂದೆಯೇ ನಿಂತು ವಾಪಸು ತೆಗೆದುಕೊಳ್ಳುವವರೆಗೆ. ವಾಪಸು ತೆಗೆದುಕೊಂಡರೆ ಮುಂದಿನ ತುತ್ತಿಗೇ ಉಪ್ಪು ಮರಳುತ್ತದೆ. ಇಷ್ಟು ಮಾತ್ರಕ್ಕೆ ನಮ್ಮೂರನ್ನು ಸತ್ಯವಂತರ ತವರು ಎಂದುಕೊಳ್ಳಬೇಡಿ. ಸುಳ್ಳು ಬೇರೆ ಊರುಗಳಲ್ಲಿ ಇರುವಷ್ಟೇ ಇಲ್ಲಿಯೂ ಇದೆ. ಉಣ್ಣುವ ರೀತಿ ಮಾತ್ರ ಬೇರೆ.

ಪಂಕ್ತಿಯಲ್ಲಿ ಕುಳಿತಾಗ ‘ಉಪ್ಪು ಕಡಿಮೆಯಾಗಿದೆ’ ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ನಿಜಕ್ಕೂ ಕಡಿಮೆಯಾಗಿದ್ದರೂ ಅನ್ನುವುದಿಲ್ಲ. ಹೆಣ್ಣು ನೋಡಲು ಬಂದವರಿಗೆ ಉಪ್ಪು ಹಾಕದ ಉಪ್ಪಿಟ್ಟು ಕೊಡುವುದು ವಾಡಿಕೆ. ಗಂಡಿನ ಕಡೆಯವರು ಮುಖ ಸಿಂಡರಿಸಿದರೆ ಮಾತುಕತೆ ಮುಂದುವರಿಯುತ್ತದೆ. ‘ಚೊಲೋ ಆಗೈತ್ರಿ’ ಎಂದು ಚಪ್ಪರಿಸಿದರೆ ಅಲ್ಲಿಗೇ ಮುಗಿಯಿತು. ಪರವೂರಿನಿಂದ ವರ್ಗವಾಗಿ ಬಂದ ತಹಶೀಲ್ದಾರರೊಬ್ಬರು ಮದುವೆಯೂಟದಲ್ಲಿ ಗಟ್ಟಿ ದನಿಯಲ್ಲಿ ಉಪ್ಪು ಕೇಳಿದರು. ಮರುದಿನದಿಂದ ಅವರ ಕಚೇರಿಗೆ ಒಂದು ಅರ್ಜಿಯೂ ಹೋಗಲಿಲ್ಲ. ಪಾಪ, ಆ ದಿನದ ಸಾರಿನಲ್ಲಿ ಉಪ್ಪು ನಿಜವಾಗಿಯೂ ಕಡಿಮೆಯಿತ್ತು.

ಇನ್ನೊಂದು ಮಾತು. ಒಬ್ಬ ಬರೆದುಕೊಟ್ಟ ಸುಳ್ಳನ್ನು ಇನ್ನೊಬ್ಬ ಓದಿದರೆ ಉಪ್ಪು ಹೋಗುವುದು ಬರೆದವನದು, ಓದಿದವನದಲ್ಲ. ನನ್ನ ಹೊಟ್ಟೆ ತುಂಬಿದ್ದು ಈ ಸಂದಿನಲ್ಲೇ. ನನ್ನ ಹೆಸರು ಗುರುಪಾದ. ಮೊದಲು ಗೋಡೆಗಳ ಮೇಲೆ ಚುನಾವಣೆಯ ಬರಹ ಬರೆಯುತ್ತಿದ್ದೆ. ಗೋಡೆಗಳ ಕಾಲ ಮುಗಿದು ಮೊಬೈಲಿನ ಕಾಲ ಬಂದ ಮೇಲೆ ಕುಂಚವನ್ನು ಮೂಲೆಗಿಟ್ಟು ಹೆಬ್ಬೆರಳಿಗೆ ಕೆಲಸ ಕೊಟ್ಟೆ. ಬೆಳಗಿನ ಶುಭೋದಯದಿಂದ ಹಿಡಿದು ಎದುರಾಳಿಗೆ ಕೊಡುವ ತಿರುಗೇಟಿನವರೆಗೆ ಎಲ್ಲವನ್ನೂ ಅಭ್ಯರ್ಥಿಗಳ ಹೆಸರಿನಲ್ಲಿ ಬರೆದು ಊರಿನ ಗ್ರೂಪುಗಳಿಗೆ ಬಿಡುವುದು ನನ್ನ ಕಸುಬು. ಚುನಾವಣೆ ಸಾರಿದ ದಿನದಿಂದ ಎಣಿಕೆಯ ದಿನದವರೆಗೆ ನನಗೆ ಉಪ್ಪು ಹತ್ತುತ್ತಿರಲಿಲ್ಲ. ದರ್ಜಿಯ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಎಂದುಕೊಂಡು ಒಗ್ಗಿಹೋಗಿದ್ದೆ. ಹೆಂಡತಿ ಕಸ್ತೂರಿ ಆ ದಿನಗಳಲ್ಲಿ ನನ್ನ ತಾಟಿಗೆ ಉಪ್ಪನ್ನೇ ಹಾಕುತ್ತಿರಲಿಲ್ಲ. “ಹತ್ತದ ನಾಲಿಗಿಗೆ ಉಪ್ಪು ಯಾಕ ದಂಡ?” ಎನ್ನುತ್ತಿದ್ದಳು.

ಕಸ್ತೂರಿಯದು ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿ. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಕೈಯಲ್ಲಿ ಉಪ್ಪು ಒಂದು ದಿನವೂ ಹೆಚ್ಚುಕಡಿಮೆಯಾಗಿರಲಿಲ್ಲ. ತಮ್ಮ ನಾಲಿಗೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳಲೆಂದೇ ಜನ ಅವಳ ಪುಂಡಿಪಲ್ಯ ತಿನ್ನಲು ಬರುತ್ತಿದ್ದರು. ಗಂಡ ಊರಿಗೆಲ್ಲ ಸುಳ್ಳು ಬರೆಯುವವ, ಹೆಂಡತಿ ಊರಿಗೆಲ್ಲ ಉಪ್ಪಿನ ಅಳತೆ. ನಮ್ಮ ಜೋಡಿಯನ್ನು ನೋಡಿ ಜನ ನಗುತ್ತಿದ್ದರು, ನಾವೂ ನಗುತ್ತಿದ್ದೆವು.

ಆ ವರ್ಷ ಪುರಸಭೆಯ ಚುನಾವಣೆ. ಒಂದು ಕಡೆ ಎಣ್ಣೆ ಗಿರಣಿಯ ಸಂಗನಗೌಡ ಸಾವ್ಕಾರರು. ಇನ್ನೊಂದು ಕಡೆ ನೀಲಗಂಗಮ್ಮ ಟೀಚರ್. ಟೀಚರ್ ನೇಕಾರ ಓಣಿಯವರು. ನನಗೆ ಮೂರನೇ ಈಯತ್ತೆಯಲ್ಲಿ ಮಗ್ಗಿ ಕಲಿಸಿದವರು. ನಿವೃತ್ತಿಯಾದ ಮೇಲೆ ಓಣಿಗೆ ನಲ್ಲಿ ತರಲು ಆರು ವರ್ಷ ಕಚೇರಿ ಅಲೆದು, ಅಲ್ಲಿ ಕುರ್ಚಿಯ ಮೇಲೆ ಕುಳಿತವರ ಮುಖ ನೋಡಿ ನೋಡಿ ಸಾಕಾಗಿ, ತಾವೇ ಕುಳಿತುಬಿಡೋಣ ಎಂದು ನಿಂತಿದ್ದರು. ಅವರ ಬರಹದ ಕೆಲಸ ನನ್ನದು. ಅವರ ವಿಷಯದಲ್ಲಿ ಹೆಚ್ಚು ಸುಳ್ಳು ಬರೆಯುವ ಅಗತ್ಯವೇ ಬೀಳಲಿಕ್ಕಿಲ್ಲ, ಈ ಸಲ ಉಪ್ಪುಂಡು ಚುನಾವಣೆ ಮಾಡಬಹುದು ಎಂದು ನಾನು ಆಸೆಪಟ್ಟಿದ್ದೆ.

ಅಷ್ಟರಲ್ಲಿ ಜ್ವರ ಬಂತು. ಮೊದಲು ನೇಕಾರ ಓಣಿಯಲ್ಲಿ ಮೂರು ಮನೆಗಳಲ್ಲಿ ಕೆಮ್ಮು ಕೇಳಿಸಿತು, ಆಮೇಲೆ ಏಳು ಮನೆಗಳಲ್ಲಿ. ಸಾವ್ಕಾರರ ಕಡೆಯವರಿಗೆ ಇಷ್ಟು ಸಾಕಾಯಿತು. ‘ಊರಿಗೆ ಜ್ವರ ತಂದವರು ಯಾರು? ಆ ಓಣಿಯವರ ಕೈಗೆ ಊರು ಕೊಡುತ್ತೀರಾ?’ ಎಂಬ ಬರಹ ಬೆಳಗಾಗುವಷ್ಟರಲ್ಲಿ ಎಲ್ಲರ ಮೊಬೈಲಿನಲ್ಲೂ ಇತ್ತು. ಓಣಿಯ ಹೆಂಗಸರಿಗೆ ಕಿರಾಣಿ ಅಂಗಡಿಯವರು ದೂರ ನಿಲ್ಲಿ ಎಂದರು. ಟೀಚರ ಮನೆಯಂಗಳದಲ್ಲಿ ಹುಡುಗರು ಕುದಿಯತೊಡಗಿದರು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಉತ್ತರ ಬರೆದೆ. ‘ನಮ್ಮ ಓಣಿಯಲ್ಲಿ ಒಂದೇ ಒಂದು ಜ್ವರವಿಲ್ಲ. ಇದೆಲ್ಲ ಸೋಲಿನ ಭಯದ ವದಂತಿ. ಧೈರ್ಯವಾಗಿ ಶುಕ್ರವಾರದ ಸಭೆಗೆ ಬನ್ನಿ. ನಿಮ್ಮ ನೀಲಗಂಗಮ್ಮ ಟೀಚರ್.’

ಟೀಚರ್ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಒಂದೂ ಇಲ್ಲ ಅಂತ ಬರದಿಯಲ್ಲೋ. ಖರೇ ಏನಿದು?”

“ನಿಮಗ್ಯಾಕ ಚಿಂತಿ ಟೀಚರ್? ನಾಲಿಗಿ ನಂದು,” ಎಂದೆ.

ಅಂಗಳದಲ್ಲಿ ಓಣಿಯ ಹುಡುಗರು ಕಾಯುತ್ತಿದ್ದರು. ಅವರ ಅವ್ವಂದಿರಿಗೆ ಆದ ಅವಮಾನವನ್ನು ಟೀಚರ್ ಕಣ್ಣಾರೆ ಕಂಡಿದ್ದರು. ಕಳಿಸು ಎಂದು ಕೈಸನ್ನೆ ಮಾಡಿದರು. ಕಳಿಸಿದೆ. ಸಭೆಗೆ ಜನವೋ ಜನ. ಬಂದವರನ್ನು ಟೀಚರ್ ತಾವೇ ಕೈಹಿಡಿದು, “ಕೂಡ್ರಿ, ಏನೂ ಆಗೂದಿಲ್ಲ,” ಎಂದು ಕೂಡಿಸಿದರು. ನಾನು ಮನೆಗೆ ಬಂದು ಸಪ್ಪೆ ಊಟ ಉಂಡು, ಕೆಲಸ ಶುರುವಾಯಿತು ಎಂದುಕೊಂಡೆ.

ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಗೆ ತಿರುಗುತ್ತಿದ್ದವಳು ಬೀಬಿಜಾನ್. ಬಿಸಿಲಿನಲ್ಲಿ ಛತ್ರಿ ಹಿಡಿದು, ಕೈಯಲ್ಲೊಂದು ವಹಿ ಇಟ್ಟುಕೊಂಡು, ಪ್ರತಿ ಬಾಗಿಲಿನಲ್ಲೂ ಮೂರು ಪ್ರಶ್ನೆ ಕೇಳುತ್ತಿದ್ದಳು: ಜ್ವರ ಐತೇನ್ರಿ? ಕೆಮ್ಮು ಐತೇನ್ರಿ? ಉಪ್ಪು ಹತ್ತತೈತೇನ್ರಿ? ಈ ರೋಗಕ್ಕೆ ಮೊದಲು ಹೋಗುವುದು ಉಪ್ಪಿನ ರುಚಿಯೇ ಎಂದು ಮೇಲಿನಿಂದ ಅವಳಿಗೆ ತಿಳಿಸಿದ್ದರು. ಮೇಲಿನವರಿಗೆ ನಮ್ಮೂರು ಗೊತ್ತಿರಲಿಲ್ಲ. ಮೊದಲೆರಡು ಪ್ರಶ್ನೆಗೆ ಜನ ಹೌದೋ ಅಲ್ಲವೋ ಅನ್ನುತ್ತಿದ್ದರು. ಮೂರನೆಯದಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಅವಳು ಆ ಪ್ರಶ್ನೆ ಕೇಳಿದ್ದಕ್ಕೆ ಅತ್ತೆ ಸೊಸೆಯ ಕಡೆಗೂ, ಸೊಸೆ ಗಂಡನ ಕಡೆಗೂ ತಿರುಗಿ ನೋಡಿ ದೊಡ್ಡ ರಾದ್ಧಾಂತವಾಯಿತು. ಅವಳ ವಹಿಯ ಆ ಕಾಲಮಿನಲ್ಲಿ ಊರಿಗೆ ಊರೇ ಉಪ್ಪು ಹತ್ತಿದವರಾಗಿತ್ತು.

“ಅಣ್ಣಾ, ನೀವಾದ್ರೂ ನಿಮ್ಮ ಟೀಚರ್ ಹೆಸರಿನ್ಯಾಗ ಒಂದು ಮಾತು ಬರದು ಹಾಕ್ರಿ,” ಎಂದು ಅವಳು ಖಾನಾವಳಿಗೆ ಬಂದು ನನ್ನನ್ನು ಕೇಳಿದಳು. “ಉಪ್ಪು ಹೋದ್ರ ದವಾಖಾನಿಗೆ ಬರ್ರಿ ಅಂತ ಅಷ್ಟ. ನನ್ನ ಮಾತು ಯಾರೂ ಕೇಳವಲ್ರು.”

ಬರೆಯಬಹುದಿತ್ತು. ಆದರೆ ಅದೇ ದಿನ ಸಾವ್ಕಾರರ ವಿಡಿಯೋ ಬಂದಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೂರು ಬಟ್ಟಲು ಸಾರು ಕುಡಿದು, ಉಪ್ಪಿದ್ದ ಬಟ್ಟಲನ್ನು ಎತ್ತಿ ತೋರಿಸಿ, ‘ಸಾವ್ಕಾರರಿಗೆ ಉಪ್ಪು ಹತ್ತುತ್ತದೆ, ಟೀಚರಿಗೆ?’ ಎಂದು ಕೇಳಿದ್ದರು. ಇಂಥ ಹೊತ್ತಿನಲ್ಲಿ ಉಪ್ಪು ಹೋಗುವುದು ರೋಗವೆಂದು ನಾವು ಹೇಳಿದರೆ ಜನ ಏನೆನ್ನುತ್ತಾರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಬೀಬಿಜಾನಳಿಗೆ ಆಮೇಲೆ ನೋಡೋಣ ಎಂದೆ. ಮರುದಿನ ಟೀಚರ್ ಕೈಯಲ್ಲೂ ಮೂರು ಲೋಟ ಮಜ್ಜಿಗೆ ಕುಡಿಸಿ ವಿಡಿಯೋ ಮಾಡಿದೆ. ಶುರು ಮಾಡುವ ಮೊದಲು ಅವರು ನನ್ನನ್ನು ಪಕ್ಕಕ್ಕೆ ಕರೆದು, “ಉಪ್ಪಿಂದು ಯಾವುದು ಅಂತ ಹೇಳಿಡೋ ಗುರುಪಾದ. ಕ್ಯಾಮೆರಾ ಮುಂದ ಗಾಬರಿ ಆಗತೈತಿ,” ಎಂದರು. ನಡುವಿನದು ಎಂದೆ. ನಡುವಿನದನ್ನೇ ಎತ್ತಿದರು. ‘ನಾಲಿಗೆ ಶುದ್ಧ, ಆಡಳಿತ ಶುದ್ಧ’ ಎಂದು ಕೆಳಗೆ ಬರೆದೆ. ಬರೆದಾಗ ಬಹಳ ಖುಷಿಯಾಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ಊರಿನ ಪುಢಾರಿಗಳೆಲ್ಲ ಸಾಲುಸಾಲಾಗಿ ಉಪ್ಪು ನೆಕ್ಕಿದ ವಿಡಿಯೋ ಹಾಕಿದರು. ಉಪ್ಪು ಹತ್ತದವರು ಮನೆಯೊಳಗೆ ಇನ್ನೂ ಒಳಕ್ಕೆ ಸರಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ನೀರಿನ ತಂಬಿಗೆಗಳು ಬೇಗಬೇಗ ಖಾಲಿಯಾಗತೊಡಗಿದವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಹಾಗೆ ಉಣ್ಣುವವರೆಲ್ಲ ತುತ್ತಿಗೊಂದು ಗುಟುಕು ಕುಡಿಯುತ್ತಿದ್ದರು. ಒಬ್ಬೊಬ್ಬರೇ ಅರ್ಧಕ್ಕೆ ಎದ್ದು, ಕಸ್ತೂರಿಯ ಮುಖ ತಪ್ಪಿಸಿ ಹೊರಗೆ ಹೋದರು. ಕೊನೆಗೆ ಉಳಿದವರು ದೇವಿಂದ್ರಪ್ಪ ಕಾಕಾ. ಟಪಾಲು ಹಂಚಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಎರಡೂ ಹೊತ್ತು ನಮ್ಮಲ್ಲೇ ಊಟ. ಅವರು ತಾಟಿನಲ್ಲಿದ್ದುದನ್ನು ಒಂದು ಅಗುಳೂ ಬಿಡದೆ ಮುಗಿಸಿ, ಕೈತೊಳೆದು, “ಪಲ್ಯ ಇವತ್ತು ಭಾಳ ರುಚಿ ಆಗಿತ್ತವ್ವಾ,” ಎಂದು ಹೇಳಿ ಹೋದರು.

ಕಸ್ತೂರಿ ಪಲ್ಯವನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು. ನನ್ನ ಕಡೆ ತಿರುಗಿ ನೋಡಿದಳು. ಅವಳ ಮುಖ ಬಿಳಿಚಿಹೋಗಿತ್ತು.

“ಯಾರಿಗೆ ಏನ ಹೇಳಿದಿ?” ಎಂದು ಕೇಳಿದೆ.

“ಯಾರಿಗೂ ಏನೂ ಹೇಳಿಲ್ರಿ.”

“ಹೇಳಲಾರದ ಹೆಂಗ ಹೋಗತೈತಿ?”

“ನನಗೇನು ಗೊತ್ತು? ನಾ ಸುಳ್ಳು ಹೇಳಿಲ್ಲ. ನಿಮ್ಮ ಮುಂದ ನಿಂತು ಹೇಳಾಕತ್ತೀನಿ.”

ನಾನು ನಂಬಲಿಲ್ಲ. ಹತ್ತೊಂಬತ್ತು ವರ್ಷ ಊರಿಗೆ ಉಪ್ಪಿನ ಅಳತೆಯಾಗಿದ್ದವಳನ್ನು, ಸುಳ್ಳನ್ನೇ ಕಸುಬು ಮಾಡಿಕೊಂಡಿದ್ದ ನಾನು ನಂಬಲಿಲ್ಲ. ಮೂರು ದಿನ ಕಾದೆ, ಉಪ್ಪು ಬರಲಿಲ್ಲ. ಹಾಗಾದರೆ ದೊಡ್ಡ ಸುಳ್ಳೇ ಎಂದುಕೊಂಡೆ. ತವರಿನವರಿಗೆ ಏನಾದರೂ ಹೇಳಿದಳೇ, ನನ್ನಿಂದ ಏನಾದರೂ ಮುಚ್ಚಿಟ್ಟಳೇ ಎಂದು ಮನಸ್ಸಿನಲ್ಲೇ ಅವಳ ಪೆಟ್ಟಿಗೆ, ಗಂಟು, ಹಳೆಯ ಮಾತು ಎಲ್ಲವನ್ನೂ ಕೆದಕಿದೆ. ಅವಳು ಖಾನಾವಳಿಗೆ ಬೀಗ ಹಾಕಿ ಒಳಕೋಣೆಯಲ್ಲಿ ಮಲಗಿದಳು. ಕೆಮ್ಮಿದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ಗಂಜಿ ಇಟ್ಟು ಬರುತ್ತಿದ್ದೆ, ಮಾತಾಡುತ್ತಿರಲಿಲ್ಲ.

ಅವಳೇ ಒಮ್ಮೆ ಕರೆದಳು. “ಬೀಬಿಜಾನ ಹೇಳಿದ್ದು ನೆನಪೈತೇನ್ರಿ? ನನಗ ಬಂದಿದ್ದು ಜಡ್ಡು ಅನಸತೈತಿ. ನಿಮ್ಮದೂ ಅದ ಇರಬೇಕು. ನೀವು ಬರದ ಮಾತು ಹೊಳ್ಳಿ ತಗೊಳ್ರಿ, ಆಮ್ಯಾಲೆ ನಿಮ್ಮ ನಾಲಿಗಿ ನೋಡ್ರಿ. ಬಂದ್ರ ನಾನ ಸುಳ್ಳುಬುರುಕಿ. ಬರದಿದ್ರ…” ಉಸಿರು ಸಾಲದೆ ಅಲ್ಲಿಗೇ ನಿಲ್ಲಿಸಿದಳು.

ಮತದಾನಕ್ಕೆ ಐದು ದಿನ ಉಳಿದಿತ್ತು. ವಾಪಸು ತೆಗೆದುಕೊಂಡರೆ ಟೀಚರ್ ಮುಳುಗಿದಂತೆಯೇ. ಚುನಾವಣೆ ಮುಗಿಯಲಿ ಎಂದೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಮರುದಿನ ಬೆಳಿಗ್ಗೆ ಬೀಬಿಜಾನ್ ಬಂದು ಹೊಸ್ತಿಲಲ್ಲಿ ಕುಸಿದು ಕುಳಿತಳು. ದೇವಿಂದ್ರಪ್ಪ ಕಾಕಾ ತೀರಿಕೊಂಡಿದ್ದರು. ಮೂರು ದಿನದ ಹಿಂದೆ ಅವಳು ಅವರ ಬಾಗಿಲಿಗೆ ಹೋದಾಗ ಉಪ್ಪು ಹತ್ತುತ್ತಿಲ್ಲವೆಂದು ಅವರೊಬ್ಬರೇ ಊರಿನಲ್ಲಿ ಬಾಯಿಬಿಟ್ಟು ಹೇಳಿದ್ದರಂತೆ. ದವಾಖಾನೆಗೆ ಹೋಗೋಣ ನಡೆಯಿರಿ ಎಂದರೆ ನಕ್ಕರಂತೆ. “ಜಡ್ಡಲ್ಲ ತಂಗಿ. ಕಸ್ತೂರಿ ಪಲ್ಯ ಉಪ್ಪು ಸುರದಿತ್ತು, ಪಾಪ, ಆಕಿಗೆ ರುಚಿ ಆಗೈತಿ ಅಂದೆ. ಅದರದ ಇದು. ಮೂರು ದಿನಕ್ಕ ತಾನ ಸರಿ ಆಗತೈತಿ,” ಎಂದರಂತೆ. ನಾಲ್ಕನೆಯ ದಿನ ಹಾಲಿನವನು ಬಾಗಿಲು ಬಡಿದರೆ ತೆಗೆಯಲಿಲ್ಲ. ಶುಕ್ರವಾರದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಟೀಚರ್ ಕೈಹಿಡಿದು ಕೂಡಿಸಿದ್ದು ಅವರನ್ನೇ.

ಒಳಕೋಣೆಯಿಂದ ಕಸ್ತೂರಿ ಅಳುವುದು ಕೇಳಿಸಿತು. ಅಳಲಿಕ್ಕೂ ಅವಳಿಗೆ ಉಸಿರಿರಲಿಲ್ಲ. ಬೀಬಿಜಾನಳಿಗೆ ಅವಳನ್ನು ನೋಡಿಕೊಳ್ಳಲು ಹೇಳಿ, ಆಸ್ಪತ್ರೆಯ ಗಾಡಿಗೆ ಫೋನು ಮಾಡಿಸಿ, ನಾನು ಟೀಚರ ಮನೆಗೆ ಓಡಿದೆ. ಗಾಡಿ ಬರುವುದಕ್ಕೆ ಒಂದು ತಾಸು ಆಗುತ್ತದೆ ಎಂದಿದ್ದರು.

ಟೀಚರ್ ದಿಂಬಿಗೆ ಒರಗಿ ಕುಳಿತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು, “ಆ ಮಜ್ಜಿಗಿ ದಿನಾನ ನನಗ ಹತ್ತಿರಲಿಲ್ಲೋ ಗುರುಪಾದ,” ಎಂದರು. “ಅದಕ್ಕ ನಿನ್ನ ಕೇಳಿದ್ದು. ಸಭಾದಾಗ ನನ್ನ ಬಾಯಿಲೆ ಏನೂ ಆಗೂದಿಲ್ಲ ಅಂದಿದ್ನೆಲ್ಲ, ಅದರ ಶಿಕ್ಷಾ ಇದು, ಅನುಭವಿಸಬೇಕು ಅಂತ ಸುಮ್ಮನಿದ್ದೆ. ಜಡ್ಡು ಅಂತ ಹೊಳೀಲೇ ಇಲ್ಲ.”

“ಜನರಿಗೂ ಹೊಳಿಯೂದಿಲ್ರಿ ಟೀಚರ್. ಹೇಳಿದ್ರ ನಂಬೂದಿಲ್ಲ.”

“ಹೇಳಿದ್ರ ನಂಬೂದಿಲ್ಲ. ತೋರಿಸಿದ್ರ?” ಎಂದು ಅವರು ನೆಟ್ಟಗೆ ಕುಳಿತರು. “ಲೈವ್ ಅಂತಾರಲ್ಲ, ಅದನ್ನ ಹಚ್ಚು. ಅಡಿಗಿಮನ್ಯಾಗ ಉಪ್ಪಿನ ಭರಣಿ ಐತಿ, ತಗೊಂಡು ಬಾ. ಬರಿಯೂದು ಬ್ಯಾಡ. ಈ ಸಲ ನಾಲಿಗಿ ನಂದು.”

ಮೊಬೈಲನ್ನು ತಂಬಿಗೆಗೆ ಒರಗಿಸಿ ನಿಲ್ಲಿಸಿದೆ. ಇಬ್ಬರೂ ದೂರ ದೂರ ಕುಳಿತೆವು, ನಡುವೆ ಭರಣಿ. ಟೀಚರ್ ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಶುರು ಮಾಡಿದರು. ನಮ್ಮ ಓಣಿಯಲ್ಲಿ ಜ್ವರವಿದೆ, ಇಲ್ಲವೆಂದದ್ದು ಸುಳ್ಳು, ಸಭೆಗೆ ಬನ್ನಿ ಏನೂ ಆಗುವುದಿಲ್ಲ ಎಂದದ್ದು ಸುಳ್ಳು, ಮಜ್ಜಿಗೆಯ ವಿಡಿಯೋ ಸುಳ್ಳು. ಮೂರನ್ನೂ ವಾಪಸು ತೆಗೆದುಕೊಂಡಿದ್ದೇವೆ ಎಂದರು. ನಾನೂ ಹೇಳಿದೆ. ಆಮೇಲೆ ಇಬ್ಬರೂ ಒಂದೊಂದು ಹರಳು ಉಪ್ಪು ಬಾಯಿಗೆ ಹಾಕಿಕೊಂಡೆವು. ಎಷ್ಟೋ ಚುನಾವಣೆಗಳ ಕೊನೆಯಲ್ಲಿ ಹೀಗೆ ವಾಪಸು ತೆಗೆದುಕೊಂಡು ಉಪ್ಪು ಪಡೆದವನು ನಾನು. ಹರಳು ಕರಗಿತು, ಏನೂ ಗೊತ್ತಾಗಲಿಲ್ಲ. ಆ ಕ್ಷಣದಲ್ಲಿ ಕಸ್ತೂರಿ ನಿಜ ಹೇಳಿದ್ದಳೆಂದು ನನಗೆ ಖಾತ್ರಿಯಾಯಿತು.

ಕೆಳಗೆ ಬರಹಗಳು ಬೀಳುತ್ತಿದ್ದವು. ‘ಇನ್ನೂ ಏನೋ ಮುಚ್ಚಿಟ್ಟಾರ.’ ‘ಎಲ್ಲಾ ಹೇಳ್ರಿ ಟೀಚರ್.’ ಸಾವ್ಕಾರರ ಕಡೆಯವರು ನಗುವ ಮುಖಗಳನ್ನು ಸುರಿದರು. ಟೀಚರ್ ಕನ್ನಡಕ ಏರಿಸಿಕೊಂಡು ಓದಿ, “ಆತು, ಎಲ್ಲಾ ಹೇಳತೀನಿ,” ಎಂದರು. ಹುಟ್ಟಿದಂದಿನಿಂದ ಹೇಳಿದ ಸುಳ್ಳುಗಳನ್ನು ನೆನಪಿದ್ದಷ್ಟೂ ಒಂದೊಂದಾಗಿ ಹೇಳತೊಡಗಿದರು. ಅತ್ತೆಯ ಬಳೆ ಕಳೆದದ್ದು ತಮ್ಮಿಂದಲೇ. ಹೊಟ್ಟೆನೋವೆಂದು ರಜೆ ಹಾಕಿ ಸಿನಿಮಾ ನೋಡಿದ್ದು ನಾಲ್ಕು ಸಲ. ಸಾಹೇಬರು ತಪಾಸಣೆಗೆ ಬಂದಾಗ ಮಗ್ಗಿ ಬಾರದವರನ್ನು ಮನೆಗೆ ಕಳಿಸಿ, ಎಲ್ಲರಿಗೂ ಬರುತ್ತದೆ ಎಂದದ್ದು. “ಈ ಗುರುಪಾದ ಮೂರನೇ ಈಯತ್ತೆದಾಗ ಒಂದು ಪದ್ಯ ಬರದಿದ್ದ. ಚೊಲೋ ಐತಿ ಅಂದಿದ್ದೆ. ಇರಲಿಲ್ಲ,” ಎಂದರು. ಆ ಪದ್ಯವನ್ನು ನೆನೆದೇ ನಾನು ಬರಹದ ಕಸುಬಿಗೆ ಬಂದದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಪ್ರತಿ ಸುಳ್ಳಿನ ಮೇಲೂ ಒಂದು ಹರಳು. ಪ್ರತಿ ಹರಳಿಗೂ ತಲೆಯಲ್ಲಾಡಿಸಿ, “ಹತ್ತಲಿಲ್ಲ,” ಎನ್ನುತ್ತಿದ್ದರು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಸುಮಾರು ನಲವತ್ತು ಸುಳ್ಳು ಮುಗಿದಾಗ ನಗುವ ಮುಖಗಳು ನಿಂತುಹೋಗಿದ್ದವು.

ಟೀಚರ್ ಬರಿಗೈಯನ್ನು ತೋರಿಸಿದರು. “ನನ್ನ ಹತ್ರ ಇನ್ನ ಸುಳ್ಳು ಉಳದಿಲ್ರಪ್ಪಾ. ಉಪ್ಪು ಮಳಲು ಅಗದಂಗ ಆಗತೈತಿ. ಇದು ಜಡ್ಡು. ನಾಚಬ್ಯಾಡ್ರಿ, ದವಾಖಾನಿಗೆ ಹೋಗ್ರಿ. ನನಗ ಓಟು ಹಾಕ್ರಿ ಬಿಡ್ರಿ.”

ಆಮೇಲೆ ಒಂದು ಹೆಂಗಸಿನ ಹೆಸರಿನ ಕೆಳಗೆ ಒಂದೇ ಪದ ಮೂಡಿತು: ‘ನನಗೂ.’ ಅದರ ಕೆಳಗೆ ಇನ್ನೊಂದು. ‘ನಮ್ಮ ಅಪ್ಪಗೂ.’ ‘ಎಂಟು ದಿನ ಆತ್ರಿ.’ ಓದಲಾಗದಷ್ಟು ವೇಗವಾಗಿ ಮೂಡತೊಡಗಿದವು. ಸಾವ್ಕಾರರ ಬರಹಗಾರನದೂ ಅದರಲ್ಲಿತ್ತು. ನಾನು ಮುಗಿಯುವವರೆಗೆ ಕೂರಲಿಲ್ಲ. ಮನೆಯ ಕಡೆ ಓಡಿದೆ. ಗಾಡಿ ಬಾಗಿಲಲ್ಲಿ ನಿಂತಿತ್ತು.

ಕಸ್ತೂರಿಗೆ ಹನ್ನೊಂದು ದಿನ ಆಕ್ಸಿಜನ್ ಹಚ್ಚಿದ್ದರು. ನನ್ನ ಜಡ್ಡು ಹಗುರವಾಗಿತ್ತು, ಅದೇ ವಾರ್ಡಿನಲ್ಲಿ ಎರಡು ಮಂಚದಾಚೆ ಮಲಗಿ ಅವಳ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ನನ್ನ ನಾಲಿಗೆಯಿಂದ ಮನೆಗೆ ಬಂದ ಜಡ್ಡು ಅದು. ಐದನೆಯ ದಿನ ಅವಳು ಕಣ್ಣು ಬಿಟ್ಟು ನನ್ನನ್ನು ಕರೆದಳು. ಎದ್ದು ಹೋಗಿ ಪಕ್ಕದಲ್ಲಿ ಕುಳಿತೆ.

“ಈಗ ನಂಬೀರೇನ್ರಿ?” ಎಂದಳು.

“ನಾ ಮೊದಲಿಂದ್ಲೂ ನಂಬಿದ್ದೆ,” ಎಂದೆ.

ಇನ್ನೇನು ಹೇಳಲಿ? ಬದುಕುತ್ತಾಳೋ ಇಲ್ಲವೋ ಗೊತ್ತಿಲ್ಲದವಳಿಗೆ ನಿನ್ನನ್ನು ಕಳ್ಳಿಯ ಹಾಗೆ ಕಂಡಿದ್ದೆ ಎಂದು ಹೇಗೆ ಹೇಳಲಿ? ಅವಳು ನನ್ನ ಕೈ ಹಿಡಿದುಕೊಂಡು ನಿದ್ದೆಹೋದಳು.

ಟೀಚರ್ ಸೋತರು. ಸುಳ್ಳು ಹೇಳಿದ್ದೆ ಎಂದು ತಾನೇ ಒಪ್ಪಿಕೊಂಡವಳಿಗೆ ಓಟು ಹಾಕುವುದು ಹೇಗೆ ಎಂದು, ಅವರ ಮಾತು ಕೇಳಿ ಮನೆಯವರನ್ನು ಆಸ್ಪತ್ರೆಗೆ ಸೇರಿಸಿ ಬದುಕಿಸಿಕೊಂಡವರೇ ಅಂದುಕೊಂಡರು. ಟೀಚರಿಗೆ ಸಿಟ್ಟೇನೂ ಬರಲಿಲ್ಲ. “ಲೆಕ್ಕ ನಾನ ಕಲಿಸಿದ್ದು, ಸರಿ ಮಾಡ್ಯಾರ,” ಎಂದರು. ಗುಣವಾಗಿ ಬಂದು ಮತ್ತೆ ನಲ್ಲಿಯ ಅರ್ಜಿ ಹಿಡಿದು ಸಾವ್ಕಾರರ ಕಚೇರಿಗೆ ಹೋಗತೊಡಗಿದರು. ಮೂರ್ನಾಲ್ಕು ವಾರಗಳಲ್ಲಿ ಒಬ್ಬೊಬ್ಬರಿಗೇ ಉಪ್ಪು ಮರಳಿತು. ಕಸ್ತೂರಿಗೂ ಮರಳಿತು, ಖಾನಾವಳಿಯ ಬಾಗಿಲು ತೆರೆಯಿತು. ದೇವಿಂದ್ರಪ್ಪ ಕಾಕಾ ಕೂರುತ್ತಿದ್ದ ಜಾಗದಲ್ಲಿ ಮೊದಲ ಕೆಲವು ದಿನ ಯಾರೂ ಕೂರಲಿಲ್ಲ. ನಾನು ಬರಹದ ಕಸುಬು ಬಿಟ್ಟು ಅವಳ ಜೊತೆ ರೊಟ್ಟಿ ಬಡಿಯುವುದನ್ನು ಕಲಿತೆ.

ನನಗೆ ಮಾತ್ರ ಉಪ್ಪು ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. “ಕೆಲವರಿಗೆ ತಡ ಆಗತೈತಿ ಅಣ್ಣಾ,” ಎಂದು ಬೀಬಿಜಾನ್ ಸಮಾಧಾನ ಹೇಳಿದಳು. ಊರಿನಲ್ಲಿ ಈಗ ಯಾರಿಗೆ ಉಪ್ಪು ಹತ್ತದಿದ್ದರೂ ಜ್ವರದ ಹೆಸರು ಹೇಳಿ ಪಾರಾಗುತ್ತಿದ್ದರು. ನನಗೂ ನೆಪಕ್ಕೆ ಆ ಹೆಸರು ಸಾಕಿತ್ತು. ಆದರೆ ನನಗೆ ಗೊತ್ತಿತ್ತು. ಮಂಚದ ಪಕ್ಕದಲ್ಲಿ ಆಡಿದ್ದನ್ನು ನಾನು ಸಣ್ಣ ಸುಳ್ಳು ಎಂದುಕೊಂಡಿದ್ದೆ. ನಾಲಿಗೆ ಹಾಗೆ ಅಂದುಕೊಂಡಿರಲಿಲ್ಲ. ದಿನವೂ ಹೇಳಿಬಿಡಬೇಕು ಎಂದು ಏಳುತ್ತಿದ್ದೆ. ಅವಳು ಗಿರಾಕಿಗಳ ಜೊತೆ ನಗುವುದನ್ನು ನೋಡಿ ನಾಳೆ ಎನ್ನುತ್ತಿದ್ದೆ. ಇತ್ತೀಚೆಗೆ ಊಟವಾದರೆ ಸಾಕು, ತಂಬಿಗೆಗಟ್ಟಲೆ ನೀರು ಬೇಕಾಗುತ್ತಿತ್ತು, ಬೇಸಿಗೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಇಬ್ಬರೂ ಉಣ್ಣಲು ಕುಳಿತೆವು. ಅವಳು ನನ್ನ ತಾಟಿಗೆ ಬಡಿಸುತ್ತಿದ್ದಳು. ತಲೆಯೆತ್ತದೆಯೇ ಹೇಳಿದೆ.

“ಅವತ್ತು ನಾ ನಿನ್ನ ನಂಬಿರಲಿಲ್ಲ ಕಸ್ತೂರಿ. ದವಾಖಾನ್ಯಾಗ ಹೇಳಿದ್ದು ಸುಳ್ಳು.”

ಅವಳ ಕೈ ನಿಲ್ಲಲಿಲ್ಲ. ಪಲ್ಯ ಬಡಿಸಿದಳು, ಸಾರು ಬಡಿಸಿದಳು, ತನ್ನ ತಾಟನ್ನು ಮುಂದಕ್ಕೆ ಎಳೆದುಕೊಂಡಳು.

“ಗೊತ್ತೈತ್ರಿ,” ಎಂದಳು. “ನನ್ನ ನಾಲಿಗಿ ಸರಿ ಆದ ದಿನದಿಂದ ನಿಮ್ಮ ತಾಟಿಗೆ ಮೂರು ಪಟ್ಟು ಉಪ್ಪು ಹಾಕಾಕತ್ತೀನಿ. ಎಂದ ಬಾಯಿ ಬಿಡತೀರಿ ಅಂತ ನೋಡಾಕತ್ತಿದ್ದೆ. ಉಣ್ರಿ ಈಗ.”

ತುತ್ತು ಬಾಯಿಗಿಟ್ಟೆ. ನಾಲಿಗೆ ಉರಿದುಹೋಯಿತು, ಕಣ್ಣಲ್ಲಿ ನೀರು ಬಂತು. ಅವಳು ನನ್ನನ್ನೇ ನೋಡುತ್ತಿದ್ದಳು. ತಂಬಿಗೆಗೆ ಕೈಹಾಕದೆ, ತಾಟು ಖಾಲಿಯಾಗುವವರೆಗೂ ಉಂಡೆ.